ಬಲಗಡೆ ಜೇಬಿನ ಕೋಟು

ಗುರುವಾರ ಸಂಜೆಯ ರೈಲಿಗೆ ಯಲಹಂಕಕ್ಕೆ ಬರುತ್ತಿದ್ದ ಒಂದು ವಾರಪತ್ರಿಕೆಯ ಕೊನೆಯ ಪುಟದಲ್ಲಿ ಒಂದು ವಠಾರವಿತ್ತು. ನಾಲ್ಕು ಚೌಕಗಳ ಚಿತ್ರಕಥೆ. ಆ ವಠಾರದಲ್ಲಿ ದೇಶಗಳು ಸಂಸಾರ ಮಾಡಿಕೊಂಡಿದ್ದವು. ಯಾರ ಮೇಲೂ ದೇಶದ ಹೆಸರು ಬರೆದಿರುತ್ತಿರಲಿಲ್ಲ, ಮಾತೂ ಕಮ್ಮಿ. ನೋಡಿದವರೇ ಅರ್ಥ ಮಾಡಿಕೊಳ್ಳಬೇಕು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಯಾವಾಗಲೂ ಬಾವಿಯಲ್ಲಿ ನೀರು ಸೇದುತ್ತಿದ್ದ ಅಕ್ಕ ನಮ್ಮ ದೇಶ. ಹಿಸ್ಸೆ ತೆಗೆದುಕೊಂಡು ನಡುಮನೆಗೆ ಗೋಡೆ ಎಬ್ಬಿಸಿದ ತಮ್ಮ ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಹಾಲಿನ ಪುಡಿಯ ಡಬ್ಬ ಹಿಡಿದು ಮನೆಮನೆಗೆ ತಿರುಗುವ ಎತ್ತರದ ಆಸಾಮಿ ಅಮೆರಿಕ. ಅವನನ್ನು ಕಂಡರೆ ದಢಾರನೆ ಬಾಗಿಲು ಹಾಕಿಕೊಳ್ಳುವ ಉಣ್ಣೆ ಟೋಪಿಯ ದಢೂತಿ ರಷ್ಯ. ಹಿತ್ತಿಲ ಗೋಡೆಯ ಮೇಲಿಂದ ತಲೆ ಮಾತ್ರ ತೋರಿಸಿ "ಅಕ್ಕಾ" ಎಂದು ನಗುವವನು ಚೀನ. ಇನ್ನೊಬ್ಬ ವಠಾರದ ಹಳೆಯ ಮಾಲೀಕ. ಮನೆ ಬಿಟ್ಟುಕೊಟ್ಟು ವರ್ಷಗಳಾದರೂ ಬೀಗದ ಕೈಯ ಗೊಂಚಲನ್ನು ಸೊಂಟದಿಂದ ಬಿಚ್ಚಿರಲಿಲ್ಲ. ಬಿಳಿ ಮೀಸೆ, ಕರಿ ಕೋಟು. ಅವನು ಇಂಗ್ಲೆಂಡ್.

ಇವರೆಲ್ಲ ಕಾಗದದ ಜನ, ನಿಜ. ಆದರೆ ಐವತ್ತರ ದಶಕದ ಕೊನೆಯ ಆ ಎರಡು ಮೂರು ವರ್ಷ ನನ್ನ ಹೊಟ್ಟೆ ಉರಿದದ್ದು ಇವರಿಂದಲೇ. ಸರಿಯಾಗಿ ಹೇಳಬೇಕೆಂದರೆ, ಇವರ ಅರ್ಥ ಬಿಡಿಸುತ್ತಿದ್ದ ಒಬ್ಬ ಟೈಲರಿನಿಂದ.

ಟೈಲರ್ ಅಂಗಡಿ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿತ್ತು. ಒಂದು ಹೊಲಿಗೆ ಮೆಷಿನ್ನು, ಕತ್ತರಿಸುವ ಹಲಗೆ, ಹೊರಗೆ ಜಗಲಿ, ಜಗಲಿಯ ಮೇಲೆ ಒಂದು ಬೆಂಚು. ಆತ ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ ಆಡುತ್ತಿದ್ದವರು. ಕನ್ನಡ ನಾಲ್ಕನೇ ಕ್ಲಾಸು ಓದಿದ್ದರು. ಹರೆಯದಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿ, ಬಿಳಿ ಆಫೀಸರುಗಳಿಗೆ ಹೊಲಿದುಕೊಡುವ ಅಂಗಡಿಯಲ್ಲಿ ಕೆಲಸ ಕಲಿತು, ಅವರೆಲ್ಲ ಹಡಗು ಹತ್ತಿದ ಮೇಲೆ ನಮ್ಮೂರಿಗೆ ಬಂದು ಮೆಷಿನ್ನು ಇಟ್ಟುಕೊಂಡವರು. ವಾರಪತ್ರಿಕೆ ತರಿಸುತ್ತಿದ್ದವರು ಅವರೇ. ಗುರುವಾರ ಸಂಜೆ ಆ ಬೆಂಚಿನ ಹತ್ತಿರ ಮೂರು ಜನ ತಪ್ಪದೆ ಇರುತ್ತಿದ್ದರು. ಡ್ಯೂಟಿ ಮುಗಿಸಿ ಬಂದ, ಹಳಿ ಬದಲಿಸುವ ರೈಲ್ವೆ ಪಾಯಿಂಟ್ಸ್‌ಮನ್ ಒಬ್ಬ. ಬೆಂಚಿನ ಪಕ್ಕ ನೆಲದ ಮೇಲೆ ಬುಟ್ಟಿ ಇಟ್ಟುಕೊಂಡು ಹೂ ಕಟ್ಟುವ ಒಬ್ಬಾಕೆ. ಮತ್ತು ನನ್ನ ಅಪ್ಪ.

ಅಪ್ಪ ಊರ ಹೊರಗೆ ಸೊಪ್ಪು, ತರಕಾರಿ ಬೆಳೆಯುತ್ತಿದ್ದ. ಓದು ಬರದು. ನಮ್ಮ ವಂಶದಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನೇ ಮೊದಲು. ಬೆಳಿಗ್ಗೆ ಸೊಪ್ಪಿಗೆ ನೀರು ಕಟ್ಟಿ, ಕಾಲು ತೊಳೆದು, ರೈಲು ಹತ್ತಿ ಯಶವಂತಪುರ ದಾಟಿ ಸಿಟಿಗೆ ಹೋಗಿ ಬಿ.ಎ. ಓದಿದವನು ನಾನು. ಚರಿತ್ರೆ, ರಾಜ್ಯಶಾಸ್ತ್ರ ನನ್ನ ವಿಷಯ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಇವತ್ತಿಗೂ ಸಂಕೋಚವಿಲ್ಲ. ಅಂಥವನ ಅಪ್ಪ, ಪ್ರಪಂಚದ ಸಮಾಚಾರ ಕೇಳುವುದಕ್ಕೆ ನಾಲ್ಕನೇ ಕ್ಲಾಸಿನ ಟೈಲರ್ ಹತ್ತಿರ ಹೋಗುತ್ತಿದ್ದ. ನನ್ನನ್ನು ಒಂದು ದಿನವೂ ಕೇಳಲಿಲ್ಲ. ಒಂದೇ ಒಂದು ಸಲ ಅಪ್ಪ ನನ್ನ ಕಡೆ ತಿರುಗಿ "ಇದೇನಪ್ಪಾ?" ಎಂದು ಕೇಳಲಿ ಅನ್ನುವುದು ನನ್ನ ಆಸೆಯಾಗಿತ್ತು. ಬೇರೆ ಯಾವ ಮೆಡಲೂ ಬೇಕಿರಲಿಲ್ಲ.

ಟೈಲರ್ ಚಿತ್ರ ಓದುತ್ತಿದ್ದ ರೀತಿಯೇ ಬೇರೆ. ಅವರು ಮುಖ ನೋಡುತ್ತಿರಲಿಲ್ಲ, ಮಾತನ್ನೂ ಕೊನೆಗೆ ಓದುತ್ತಿದ್ದರು. ಮೊದಲು ಬಟ್ಟೆ. ಪುಟವನ್ನು ತೋಳುದ್ದ ದೂರ ಹಿಡಿದು, ಕಿವಿಯ ಮೇಲಿನ ಸೀಮೆಸುಣ್ಣದ ತುಂಡು ತೆಗೆದು, ಕಾಗದಕ್ಕೆ ತಾಗಿಸದೆ ಅಂಚು ಅಂಚಿನಲ್ಲೇ ಗೆರೆ ಎಳೆಯುವ ಹಾಗೆ ಓಡಿಸುತ್ತಿದ್ದರು. ಅಮೆರಿಕದವನ ಪ್ಯಾಂಟಿನ ಕಾಲು ಒಂದು ವಾರ ಗಿಡ್ಡ ಬಂದರೆ, ಆತ ಬೇರೆಯವರ ಕೆಸರಿನಲ್ಲಿ ಕಾಲಿಡಲು ಹೊರಟಿದ್ದಾನೆ ಅನ್ನುವರು. ಅವನು ಅಕ್ಕನಿಗೆ ಬಟ್ಟೆ ಕೊಟ್ಟ ಚಿತ್ರ ಬಂದಾಗ, ಬಟ್ಟೆಯ ಕೆಳಗೆ ಕತ್ತರಿಯ ಹಿಡಿ ಇಣುಕುತ್ತಿರುವುದನ್ನು ಅಪ್ಪನಿಗೆ ತೋರಿಸಿ, "ಬಟ್ಟೆ ಪುಕ್ಕಟೆ ಗೌಡ್ರೇ, ಆದ್ರೆ ಅಳತೆ ಅವನು ಹೇಳಿದ್ದೇ" ಅಂದಿದ್ದರು. ರಷ್ಯದವನ ಮೇಲಂಗಿಯ ಒಳಗೆ ಇನ್ನೊಂದು ಮೇಲಂಗಿ, ಅದರೊಳಗೆ ಮತ್ತೊಂದು. ಅಷ್ಟು ಬಟ್ಟೆ ಹಾಕಿಕೊಂಡವನಿಗೆ ಚಳಿಯೋ ಭಯವೋ ಎಂದು ಕೇಳಿದರೆ ಪಾಯಿಂಟ್ಸ್‌ಮನ್‌ಗೆ ಕೋಪ ಬರುತ್ತಿತ್ತು. ಅವನು ಯೂನಿಯನ್ ಮನುಷ್ಯ, ಉಣ್ಣೆ ಟೋಪಿಯವನ ಕಡೆಯವನು. ಹೂವಿನಾಕೆಗೆ ಅಕ್ಕನ ಚಿಂತೆ. ಇಷ್ಟು ಜನ ಗಂಡಸರಲ್ಲಿ ಒಬ್ಬನಾದರೂ ಆ ಬಾವಿಯ ಹಗ್ಗಕ್ಕೆ ಕೈ ಹಾಕಬಾರದೇ ಎಂದು ಪ್ರತಿ ವಾರವೂ ಬೈಯುತ್ತಿದ್ದಳು. ಚೀನದವನ ಮೇಲೆ ಅವಳಿಗೆ ಒಂದು ತಕರಾರಿತ್ತು. ಗೋಡೆಯ ಮೇಲಿಂದ ಅಕ್ಕಾ ಅನ್ನುವವನು ಮುಂಬಾಗಿಲಿಂದ ಯಾಕೆ ಒಂದು ಸಲವೂ ಬಂದಿಲ್ಲ ಅಂತ. ನಾನು ನಮಗೂ ಚೀನಕ್ಕೂ ಆದ ಪಂಚಶೀಲ ಒಪ್ಪಂದದ ಐದೂ ತತ್ವಗಳನ್ನು ಅವಳಿಗೆ ವಿವರಿಸಿದೆ. ಅವಳು ಕೈಬೆರಳಲ್ಲಿ ಹೂ ಕಟ್ಟುತ್ತಲೇ ಕೇಳಿ, ಆದರೂ ಮುಂಬಾಗಿಲಿಂದ ಬರಬೇಕಪ್ಪ ಅಂದಳು.

ಒಂದು ಗುರುವಾರ ನಾನು ಕಾಲೇಜಿನಿಂದ ಬಂದು ಅಂಗಡಿ ಮುಂದೆ ಇಳಿಬಿಸಿಲಿಗೆ ನಿಂತಿದ್ದೆ. ಟೈಲರ್ ಪುಟವನ್ನು ದೂರ ಹಿಡಿದು ಮಾಲೀಕನ ಕೋಟಿನ ಸುತ್ತ ಸೀಮೆಸುಣ್ಣವನ್ನು ಎರಡು ಸಲ ಓಡಿಸಿದರು. ಆಮೇಲೆ ಪಾಯಿಂಟ್ಸ್‌ಮನ್‌ನನ್ನು ಕೇಳಿದರು.

"ಮಾಲೀಕನ ಕೋಟಿನ ಮೇಲ್ಜೇಬು ಯಾವ ಕಡೆ ಇದೆ?"

"ಬಲಗಡೆ."

"ಕೋಟಿಗೆ ಜೇಬು ಯಾವ ಕಡೆ ಇಡ್ತಾರೆ?"

ಪಾಯಿಂಟ್ಸ್‌ಮನ್ ತನ್ನ ಎದೆ ಮುಟ್ಟಿ ನೋಡಿಕೊಂಡು ಎಡಗಡೆ ಅಂದ.

"ಹಂಗಾದ್ರೆ ಇದು ಮಗುಚಿದ ಕೋಟು ಕಣ್ರಪ್ಪಾ. ದೊರೆ ಕೋಟು ಮಗುಚಿ ಹೊಲಿಸ್ಕೊಂಡಿದಾನೆ. ಇಷ್ಟು ದಿನ ಬೀಗದ ಕೈ ನೋಡ್ಕೊಂಡು ಜೇಬು ಬಿಟ್ಟಿದ್ದೆ ನಾನು."

ಕೋಟು ಮಗುಚುವುದು ಏನೆಂದು ಈಗಿನವರಿಗೆ ಹೇಳಬೇಕಾಗುತ್ತದೆ. ಒಳ್ಳೆಯ ಉಣ್ಣೆಯ ಕೋಟು ಹತ್ತು ವರ್ಷ ತೊಟ್ಟ ಮೇಲೆ ಹೊರಮೈ ಬಿಸಿಲಿಗೆ ಬೆಳ್ಳಗಾಗುತ್ತದೆ, ಒಳಮೈ ಹೊಸದರಂತೆಯೇ ಇರುತ್ತದೆ. ಟೈಲರ್ ಒಂದೊಂದು ಹೊಲಿಗೆಯನ್ನೂ ಬಿಚ್ಚಿ, ಬಟ್ಟೆಯ ಒಳಮೈ ಹೊರಗೆ ಬರುವಂತೆ ತಿರುವಿ, ಮತ್ತೆ ಹೊಲಿಯುತ್ತಾನೆ. ಹೊಸ ಕೋಟು ಬೇಕು, ಕೊಳ್ಳುವ ಶಕ್ತಿಯಿಲ್ಲ ಅನ್ನುವವರ ದಾರಿ ಅದು. ನಿವೃತ್ತ ಗುಮಾಸ್ತರು ಮಾಡಿಸುತ್ತಿದ್ದರು. ಎಷ್ಟು ಚೆನ್ನಾಗಿ ಹೊಲಿದರೂ ಒಂದು ಗುರುತು ಮಾತ್ರ ಉಳಿದೇ ಉಳಿಯುತ್ತದೆ. ಬಟ್ಟೆ ತಿರುವಿದ್ದರಿಂದ ಎಡ ಎದೆಯ ಜೇಬು ಬಲ ಎದೆಗೆ ಬಂದುಬಿಡುತ್ತದೆ. ಬೇರೆಯವರಿಗೆ ಕಾಣುವುದಿಲ್ಲ. ಟೈಲರ್ ಕಣ್ಣಿಗೆ ಅರ್ಧ ಫರ್ಲಾಂಗ್ ದೂರದಿಂದಲೇ ಕಾಣುತ್ತದೆ.

ಟೈಲರ್ ಗೂಟದ ಮೇಲಿದ್ದ ಒಂದು ಕೋಟು ತೆಗೆದು ಇದನ್ನೆಲ್ಲ ತೋರಿಸಿದರು. ಅಲ್ಲಿಗೆ ಎಲ್ಲರಿಗೂ ತಿಳಿಯಿತು. ಬೀಗದ ಕೈ ಸೊಂಟದಲ್ಲಿದೆ, ಮೀಸೆಗೆ ಮೇಣ ಇದೆ, ಆದರೆ ಹೊಸ ಕೋಟಿಗೆ ಗತಿಯಿಲ್ಲ. ಅಪ್ಪ ನಕ್ಕ. ಹೆಗಲ ಮೇಲಿನ ಟವಲ್ಲು ತೆಗೆದು ಬೆಂಚಿಗೆ ಬಡಿಬಡಿದು ನಕ್ಕ. ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು, ಇನ್ನೊಂದು ಸಲ ಪುಟ ತೋರಿಸಿ ಎಂದು ಕೇಳಿ, ಜೇಬು ನೋಡಿ ಮತ್ತೆ ನಕ್ಕ. ಮನೆಯಲ್ಲಿ ನಾವು ಆ ನಗುವನ್ನು ಕಂಡಿರಲಿಲ್ಲ.

ಆ ನಗುವಿಗೆ ಕಾರಣ ಏನೆಂದು ಅಪ್ಪ ಅಲ್ಲೇ ಹೇಳಿದ. ಯುದ್ಧದ ಕಾಲದಲ್ಲಿ ನಮ್ಮೂರ ಹತ್ತಿರ ವಿಮಾನದ ಮೈದಾನ ಮಾಡಿದಾಗ ಅಪ್ಪ ಅಲ್ಲಿ ಕೂಲಿಗೆ ಹೋಗಿದ್ದ. ಒಂದು ದಿನ ಬಿಳಿ ಆಫೀಸರನೊಬ್ಬ ಕೆಲಸ ನೋಡಲು ಬಂದು, ಸೆಕೆಗೆ ಕೋಟು ಬಿಚ್ಚಿ ಅಪ್ಪನ ಎರಡೂ ಕೈಗಳ ಮೇಲೆ ಹಾಕಿ ಹೋದನಂತೆ. ಮಡಚಬಾರದು, ನೆಲಕ್ಕೆ ತಾಗಬಾರದು ಎಂದು ಮೇಸ್ತ್ರಿ ಎಚ್ಚರಿಸಿದ. ಹೊತ್ತು ನೆತ್ತಿಗೆ ಬಂದಾಗಿನಿಂದ ಇಳಿಯುವವರೆಗೂ ಅಪ್ಪ ಕೈ ಚಾಚಿಕೊಂಡು ಬಿಸಿಲಲ್ಲಿ ನಿಂತಿದ್ದ. ಒಳಗಿನ ರೇಷ್ಮೆ ಅಸ್ತರು, ಅದರ ತೂಕ, ಅದರ ತಂಬಾಕಿನ ವಾಸನೆ ಎಲ್ಲವನ್ನೂ ಹೇಳಿದ. "ಅವಂದೂ ಮಗುಚಿದ್ದೇ ಇದ್ದಿರ್ಬೇಕು ಬುಡಿ" ಎಂದು ಕೊನೆಗೆ ತಾನೇ ತೀರ್ಮಾನಿಸಿದ.

ನಾನು ಕಂಬಕ್ಕೆ ಒರಗಿ ನಿಂತು ಇದನ್ನು ಕೇಳಿದೆ. ಚರಿತ್ರೆಯನ್ನು ಓದುತ್ತಿರುವ ಮಗ ಮನೆಯಲ್ಲೇ ಇದ್ದ. ಆ ಕಥೆಯನ್ನು ಅಪ್ಪ ನನಗೆ ಒಂದು ದಿನವೂ ಹೇಳಿರಲಿಲ್ಲ. ಟೈಲರಿಗೆ ಹೇಳಿದ.

ಅವತ್ತಿಂದ ನನಗೆ ಆ ಮನುಷ್ಯನ ಎಲ್ಲದರ ಮೇಲೂ ಕಣ್ಣು ಬಿತ್ತು. ಅವರ ಸೀಮೆಸುಣ್ಣ, ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಚಂದ, ಅಪ್ಪ ಬಂದರೆ ಬೆಂಚಿನ ಧೂಳನ್ನು ಅವರು ಕೈಯಲ್ಲೇ ಒರಸುತ್ತಿದ್ದದ್ದು. ಅಪ್ಪ ರಾತ್ರಿ ಊಟಕ್ಕೆ ಕೂತು ಟೈಲರ್ ಹೇಳಿದ್ದನ್ನೆಲ್ಲ ಅಮ್ಮನಿಗೆ ಒಪ್ಪಿಸುತ್ತಿದ್ದ. ನಾನು ನಡುವೆ ಬಾಯಿ ಹಾಕಿ ಇಂಗ್ಲೆಂಡಿನ ಈಗಿನ ಸ್ಥಿತಿಗೆ ನಿಜವಾದ ಕಾರಣಗಳು ಏನೇನೆಂದು ಹೇಳಹೊರಟರೆ, "ನೀನು ಓದ್ಕೋ ಓಗಪ್ಪಾ" ಅನ್ನುತ್ತಿದ್ದ. ಅಕ್ಕರೆಯಿಂದಲೇ ಅನ್ನುತ್ತಿದ್ದ. ಅದೇ ಇನ್ನೂ ಉರಿಸುತ್ತಿತ್ತು.

ಒಂದು ಉಪಾಯ ಮಾಡಿದೆ. ಸಿಟಿಯಲ್ಲಿ ಪತ್ರಿಕೆ ಬೆಳಿಗ್ಗೆಯೇ ಸಿಗುತ್ತಿತ್ತು. ಒಂದು ಗುರುವಾರ ಕೊಂಡು, ಮಧ್ಯಾಹ್ನದ ತರಗತಿಗೆ ಚಕ್ಕರ್ ಹೊಡೆದು, ಗ್ರಂಥಾಲಯದಲ್ಲಿ ಕೂತು ಟಿಪ್ಪಣಿ ಮಾಡಿಕೊಂಡು, ಮುಂಚಿನ ರೈಲಿಗೆ ಓಡಿಬಂದೆ. ಅಪ್ಪ ಸೊಪ್ಪಿನ ಮಡಿಯಲ್ಲಿದ್ದ. ಅಲ್ಲೇ ಬದುವಿನ ಮೇಲೆ ನಿಂತು ಪುಟ ಬಿಡಿಸಿ ಒಂದೊಂದೇ ಚೌಕವನ್ನು ವಿವರಿಸಿದೆ. ಅಪ್ಪ ಕೈಯ ಮಣ್ಣು ಒರಸಿಕೊಂಡು ಪೂರ್ತಿ ಕೇಳಿದ.

"ಚೆನ್ನಾಗೈತೆ. ತಡಿ, ಸಾಯಂಕಾಲ ಟೈಲರ್ರು ಏನಂತಾರೆ ನೋಡಾನ" ಅಂದ.

ನಾನು ಪತ್ರಿಕೆ ಮಡಚಿ ಕಂಕುಳಲ್ಲಿಟ್ಟುಕೊಂಡೆ. ಮರುವಾರ ಅಂಗಡಿಯಲ್ಲಿ ಎಲ್ಲರ ಮುಂದೆ ಟೈಲರ್ ಜೊತೆ ವಾದಕ್ಕೆ ನಿಂತೆ. ಮಾಲೀಕ ಅಂದರೆ ಒಬ್ಬ ಮನುಷ್ಯ ಅಲ್ಲ, ಸಾಮ್ರಾಜ್ಯಶಾಹಿ ಅನ್ನುವ ವ್ಯವಸ್ಥೆ, ವ್ಯವಸ್ಥೆಗೆ ಜೇಬು ಎಡಕ್ಕಿದ್ದರೇನು ಬಲಕ್ಕಿದ್ದರೇನು ಅಂದೆ. ಬರೆಯುವವನ ಕೈತಪ್ಪು ಇರಬಹುದು ಅಂದೆ. ಟೈಲರ್ ಜಗಳವಾಡಲಿಲ್ಲ.

"ನೀನು ಓದಿರೋದು ಸರಿ ಮರಿ. ನಂಗೆ ಬಟ್ಟೆ ಬಿಟ್ರೆ ಏನು ಗೊತ್ತು. ಹಳೇ ಪತ್ರಿಕೆ ಎಲ್ಲಾ ತೆಗೆದು ನೋಡಿದೀನಿ. ಬರೆಯೋನು ಒಂದ್ ವಾರ ತಪ್ಪಬಹುದು, ವರ್ಷಗಟ್ಟಲೆ ಅದೇ ಕಡೆ ಜೇಬು ಬರೀತಾನಾ?"

ಬೆಂಚು ಅವರ ಕಡೆಯೇ ತಲೆಯಾಡಿಸಿತು. ಅಪ್ಪನೂ ಆಡಿಸಿದ.

ಆವತ್ತೇ ಹೋಗಿ ನಾನು ಪತ್ರಿಕೆಯ ವಿಳಾಸಕ್ಕೆ, ಚಿತ್ರಕಾರರಿಗೆ ಎಂದು ಒಂದು ಜೋಡಿ ಕಾರ್ಡು ಬರೆದೆ. ಜೋಡಿ ಕಾರ್ಡು ಅಂದರೆ ಉತ್ತರ ಬರೆಯಲು ಖಾಲಿ ಕಾರ್ಡು ಅಂಟಿಕೊಂಡೇ ಇರುವುದು. ತಮ್ಮ ಹಳೆಯ ಮಾಲೀಕನ ಕೋಟಿನ ಜೇಬು ಬಲಗಡೆ ಇರುವುದರಲ್ಲಿ ವಿಶೇಷಾರ್ಥವೇನಾದರೂ ಇದೆಯೇ, ದಯವಿಟ್ಟು ತಿಳಿಸಬೇಕು. ಕೆಳಗೆ ಸಹಿ ಹಾಕಿ, ಸಹಿಯ ಕೆಳಗೆ ಬಿ.ಎ. ವಿದ್ಯಾರ್ಥಿ ಎಂದು ಬರೆದೆ.

ತಿಂಗಳೆರಡಾಯಿತು. ಉತ್ತರ ಬಂದದ್ದು ಒಂದು ಸೋಮವಾರ. ನಾಲ್ಕೇ ಸಾಲು. ಚಿತ್ರಕಾರರು ಬಡಪಾಯಿ, ಮಾದರಿಗೆ ಯಾರನ್ನೂ ಇಟ್ಟುಕೊಳ್ಳುವ ಅನುಕೂಲವಿಲ್ಲದೆ ತಮ್ಮದೇ ಕೋಟು ತೊಟ್ಟು, ಕನ್ನಡಿಯ ಮುಂದೆ ನಿಂತು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದರಂತೆ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ ಅನ್ನುವುದು ಹೊಳೆದಿರಲೇ ಇಲ್ಲ. ಬೇರೆ ಅರ್ಥವೇನೂ ಇಲ್ಲ, ತಪ್ಪು ತೋರಿಸಿದ್ದಕ್ಕೆ ವಂದನೆ, ಇನ್ನು ಮುಂದೆ ತಿದ್ದಿಕೊಳ್ಳುತ್ತೇನೆ.

ಆ ಕಾರ್ಡನ್ನು ಎಷ್ಟು ಸಲ ಓದಿದೆನೋ. ರೈಲಿನಲ್ಲಿ ಓದಿದೆ, ತರಗತಿಯಲ್ಲಿ ಪುಸ್ತಕದ ನಡುವೆ ಇಟ್ಟು ಓದಿದೆ. ಸೋಮವಾರ ಸಂಜೆಯೇ ಹೋಗಿ ಟೈಲರಿಗೆ ಒಬ್ಬರಿಗೇ ತೋರಿಸಬಹುದಿತ್ತು. ಗುರುವಾರದವರೆಗೆ ಕಾದೆ.

ಗುರುವಾರ ಎಲ್ಲರೂ ಸೇರಿದ ಮೇಲೆ ಎದ್ದು ನಿಂತು ಓದಿದೆ. ಗಟ್ಟಿಯಾಗಿ, ನಿಧಾನವಾಗಿ ಓದಿದೆ. ಕನ್ನಡಿ ಅನ್ನುವ ಮಾತು ಬಂದಾಗ ಅಪ್ಪನ ಮುಖ ನೋಡಿದೆ. ಅಪ್ಪ ನೆಲ ನೋಡುತ್ತಿದ್ದ. ಓದಿ ಮುಗಿಸಿದಾಗ ಹೂವಿನಾಕೆಯ ಕೈ ಕೂಡ ನಿಂತಿತ್ತು. ಟೈಲರ್ ಕಾರ್ಡು ಇಸಿದುಕೊಂಡು ತೋಳುದ್ದ ದೂರ ಹಿಡಿದು ಅಕ್ಷರ ಕೂಡಿಸಿಕೊಂಡು ತಾವೇ ಇನ್ನೊಮ್ಮೆ ಓದಿದರು.

"ಬರ್ದೋರೇ ಹೇಳಿದ ಮೇಲೆ ಮುಗೀತಲ್ಲ" ಅಂದರು. ಕಾರ್ಡು ನನಗೆ ಕೊಟ್ಟು ಮೆಷಿನ್ನಿಗೆ ಹೋಗಿ ಕೂತರು.

ಅಪ್ಪ ಟವಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. ನಾನು ಹಿಂದೆ ಹೊರಟೆ.  ಕೆರೆ ಏರಿ ಹತ್ತಿದ ಮೇಲೆ ಅಪ್ಪ ಕೇಳಿದ:

"ಕಾರ್ಡು ಯಾವತ್ತು ಬಂತು?"

"ಸೋಮವಾರ."

"ಗುರುವಾರದ್ ಗಂಟ ಮಡಿಕ್ಕಂಡಿದ್ದೆ."

ಅದು ಪ್ರಶ್ನೆಯಾಗಿರಲಿಲ್ಲ.  ಮುಂದೆ ಹೋಗುತ್ತಿದ್ದ ಅಪ್ಪನ ಕೈಗಳನ್ನು ನೋಡಿದೆ. ಆ ಬಿಸಿಲಿನ ದಿನದ ಕೋಟನ್ನು ನಾನು ಮತ್ತೆ ಅವುಗಳ ಮೇಲೆ ಹಾಕಿದ್ದೇನೆ ಅನ್ನಿಸಿತು. ಅನ್ನಿಸಿದರೂ ಗೆದ್ದ ಖುಷಿ ಪೂರಾ ಇಳಿಯಲಿಲ್ಲ. ಸುಳ್ಳು ಯಾಕೆ ಹೇಳಲಿ.

ಮರುವಾರ ಟೈಲರ್ ಪತ್ರಿಕೆಯನ್ನು ಬಿಡಿಸದೆ ನನ್ನ ಕೈಗೆ ಕೊಟ್ಟರು. ನೀವೇ ಓದಿ, ನೀವು ಓದಿದವರು ಅಂದರು. ಚಿಕ್ಕಂದಿನಿಂದ ನನ್ನನ್ನು ನೀನು, ಮರಿ ಅನ್ನುತ್ತಿದ್ದವರು ಅವತ್ತು ನೀವು ಅಂದರು. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಚುಚ್ಚಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವತ್ತಿಂದ ನಾನೇ ಓದಿದೆ. ಮಾಲೀಕನ ಜೇಬು ಈಗ ಎಡಗಡೆಗೆ ಬಂದಿತ್ತು. ಅಷ್ಟು ಸರಿಯಾದ ಕೋಟನ್ನು ನೋಡಿ ನನಗೇ ಬೇಜಾರಾಯಿತು. ಪ್ರತಿ ಚೌಕಕ್ಕೂ ಹಿನ್ನೆಲೆ, ಕಾರಣ, ಪರಿಣಾಮ ಎಲ್ಲ ಹೇಳಿದೆ. ಒಂದು ಮಾತೂ ತಪ್ಪು ಹೇಳಲಿಲ್ಲ. ಪಾಯಿಂಟ್ಸ್‌ಮನ್‌ಗೆ ಗುರುವಾರಗಳಲ್ಲಿ ಡ್ಯೂಟಿ ಬೀಳತೊಡಗಿತು. ಹೂವಿನಾಕೆ ಬುಟ್ಟಿ ತೆಗೆದುಕೊಂಡು ಗುಡಿಯ ಹತ್ತಿರ ಹೋಗಿ ಕೂತಳು. ಅಪ್ಪ ಮಾತ್ರ ಬಂದ. ಶಾನುಭೋಗರ ಮುಂದೆ ಕೂರುವ ಹಾಗೆ ಎರಡು ಕೈ ಮಡಿಲಲ್ಲಿಟ್ಟು ಕೂತ. ನಡುವೆ ಒಂದು ದಿನ, ನಾನು ಅಷ್ಟು ದಿನದಿಂದ ಕಾದಿದ್ದ ಮಾತನ್ನೂ ಕೇಳಿದ. ರಷ್ಯದವನನ್ನು ಬೆರಳಿಂದ ತೋರಿಸಿ, "ಇವನೇನಪ್ಪಾ ಮಾಡ್ತಾವ್ನೆ?" ಅಂದ. ನಾನು ಅರ್ಧ ಗಂಟೆ ಹೇಳಿದೆ. ಅಪ್ಪ "ಸರಿ" ಅಂದ. ಒಳಗೆ ಮೆಷಿನ್ನು ಓಡುತ್ತಲೇ ಇತ್ತು. ಅಪ್ಪನ ಕಿವಿ ಆ ಕಡೆಗೇ ಇದ್ದದ್ದು ನನಗೆ ಗೊತ್ತಾಯಿತು. ಬಾಯಿ ಮುಚ್ಚಿಕೊಂಡು ಕೂತ ಮನುಷ್ಯನ ಮೇಲೂ ಹೊಟ್ಟೆಕಿಚ್ಚು ಪಡಬಹುದು ಅನ್ನುವುದನ್ನು ನಾನು ಆ ತಿಂಗಳುಗಳಲ್ಲಿ ಕಲಿತೆ.

ಪರೀಕ್ಷೆಯಾಯಿತು, ಪಾಸಾದೆ. ಪದವಿ ಪ್ರದಾನಕ್ಕೆ ಕೋಟು ತೊಟ್ಟೇ ಬರಬೇಕೆಂದು ಕಾಗದ ಬಂತು. ಮೇಲಿನ ಗೌನನ್ನು ಅವರೇ ಬಾಡಿಗೆಗೆ ಕೊಡುತ್ತಾರೆ, ಕೋಟು ನಮ್ಮದೇ ಆಗಬೇಕು. ನಮ್ಮ ಮನೆಯಲ್ಲಿ ಯಾರೂ ಕೋಟು ತೊಟ್ಟವರಲ್ಲ. ಅಪ್ಪ ಎರಡು ದಿನ ಎಲ್ಲೋ ಓಡಾಡಿದ. ಮೂರನೆಯ ದಿನ ಒಂದು ಗಂಟು ಹಿಡಿದುಕೊಂಡು ಬಂದು, ನಡಿ ಅಂದ. ನೆಟ್ಟಗೆ ಟೈಲರ್ ಅಂಗಡಿಗೆ ಕರೆದುಕೊಂಡು ಹೋದ. ಗಂಟಿನಲ್ಲಿದ್ದದ್ದು ನಿವೃತ್ತ ಸ್ಟೇಷನ್ ಮಾಸ್ಟರೊಬ್ಬರ ಹಳೆಯ ಕರಿ ಕೋಟು. ಅಪ್ಪ ಅವರ ಮನೆಗೆ ಎಷ್ಟೋ ವರ್ಷ ತಪ್ಪದೆ ಸೊಪ್ಪು ಹಾಕಿದ್ದ, ಅವರು ಸಂತೋಷದಿಂದ ಕೊಟ್ಟಿದ್ದರು. ಹೆಗಲ ಮೇಲೆ ಬಣ್ಣ ಹೋಗಿ ಕಂದು ತಿರುಗಿತ್ತು.

ಟೈಲರ್ ಕೋಟನ್ನು ಹಲಗೆಯ ಮೇಲೆ ಹರಡಿ, ಅಂಚಿನ ಹೊಲಿಗೆ ಒಂದಿಷ್ಟು ಬಿಚ್ಚಿ ಒಳಮೈ ನೋಡಿದರು. ಬೆರಳಲ್ಲಿ ಉಜ್ಜಿ ನೋಡಿದರು.

"ಬಟ್ಟೆ ಬಂಗಾರ ಗೌಡ್ರೇ. ಒಳಗೆ ಮದುಮಗನ ಹಂಗಿದೆ. ಮಗುಚಿಬಿಡೋಣ."

 ಟೈಲರ್ ಟೇಪು ತೆಗೆದುಕೊಂಡು ನನ್ನ ಹೆಗಲು ಅಳೆದರು, ಎದೆ ಅಳೆದರು. ಅಷ್ಟು ಹತ್ತಿರ ನಾನು ಅವರನ್ನು ಯಾವತ್ತೂ ನೋಡಿರಲಿಲ್ಲ. ಬಾಯಲ್ಲಿ ಗುಂಡುಸೂಜಿಗಳಿದ್ದವು. ಟೇಪನ್ನು ನನ್ನ ಎದೆಯ ಮೇಲೆ ಹಿಡಿದುಕೊಂಡೇ ಒಂದು ಗಳಿಗೆ ನಿಂತರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು.

"ಜೇಬು ಬಲಗಡೆ ಬರುತ್ತೆ ಸ್ವಾಮಿ. ನಡೆಯುತ್ತಾ? ಇಲ್ಲಾ ಒಂದು ಕಾರ್ಡು ಬರೆದು ಕೇಳೋಣ್ವಾ?"

ಬೆಂಚಿನ ಮೇಲೆ ಅಪ್ಪನಿಗೆ ಮೊದಲು ಕೆಮ್ಮು ಬಂತು. ಆಮೇಲೆ ಟವಲ್ಲು ಬೆಂಚಿಗೆ ಬಡಿಯಿತು. "ಕನ್ನಡಿ ಮುಂದೆ ನಿಂತ್ಕಂಡ್ರೆ ಸರಿಯೋಯ್ತದೆ ಬುಡಿ" ಎಂದು ಹೇಳಲು ಹೋಗಿ, ಹೇಳಲಾರದೆ, ಬೆಂಚಿನ ಅಂಚು ಹಿಡಿದುಕೊಂಡು ನಕ್ಕ. ಎಷ್ಟೋ ತಿಂಗಳ ನಗು. ಟೈಲರ್ ಗುಂಡುಸೂಜಿಗಳನ್ನು ಅಂಗೈಗೆ ಉಗುಳಿ ತಾವೂ ನಕ್ಕರು. ನಾನು ಕೈ ಚಾಚಿಕೊಂಡು ನಡುವೆ ನಿಂತಿದ್ದೆ. ಕೋಪ ಬಂತು, ನಾಚಿಕೆಯಾಯಿತು. ಅಪ್ಪ ನಗುವುದನ್ನು ನೋಡಿ ಎದೆಯ ಮೇಲಿನ ಭಾರವೂ ಸ್ವಲ್ಪ ಇಳಿಯಿತು. ಆದರೆ ಆ ನಗುವನ್ನು ತಂದವರು ಮತ್ತೆ ಅವರೇ.

ಪದವಿಯ ದಿನ ನಾನು ಆ ಕೋಟು ತೊಟ್ಟೇ ಹೋದೆ. ಹೊಲಿಗೆ ಎಷ್ಟು ಚೆನ್ನಾಗಿತ್ತೆಂದರೆ ಅಮ್ಮ ದೃಷ್ಟಿ ತೆಗೆದಳು. ಗೌನು ಇಸಿದುಕೊಳ್ಳುವ ಸಾಲಿನಲ್ಲಿ ನಿಂತಾಗ ಬಲಗೈಯನ್ನು ಎದೆಯ ಮೇಲೆ ಅಡ್ಡ ಹಿಡಿದುಕೊಂಡಿದ್ದೆ. ಉದ್ದ ಸಾಲು, ಎಲ್ಲರೂ ಕೋಟಿನಲ್ಲಿದ್ದರು. ಹೊತ್ತು ಹೋಗಲೆಂದು ಮುಂದಿನವರನ್ನು, ಪಕ್ಕದ ಸಾಲಿನವರನ್ನು ನೋಡತೊಡಗಿದೆ. ಮುಖಗಳನ್ನು ನೋಡುತ್ತಿಲ್ಲ ಅನ್ನುವುದು ಸ್ವಲ್ಪ ಹೊತ್ತಿನ ಮೇಲೆ ನನಗೇ ಅರಿವಾಯಿತು. ಒಬ್ಬನ ಜೇಬು ಬಲಗಡೆ ಇತ್ತು. ಆಚೆ ಇನ್ನೊಬ್ಬನದು. ಕಂಬದ ಹತ್ತಿರ ಮತ್ತೊಬ್ಬ. ಅವನನ್ನು ನಾನು ಬಲ್ಲೆ. ಬಸವನಗುಡಿಯವನು, ತರಗತಿಯಲ್ಲಿ ಎದ್ದು ನಿಂತರೆ ಕೊಳಾಯಿಯ ನೀರು ಬಂದ ಹಾಗೆ ಇಂಗ್ಲಿಷ್ ಬರುತ್ತಿತ್ತು. ಅವನ ಮಾತಿನ ಮೇಲೆ, ಶೂಗಳ ಮೇಲೆ, ಅವನ ತಾತನ ಕಾಲದಿಂದ ಬಂದ ಪುಸ್ತಕಗಳ ಮೇಲೆ ಎರಡು ವರ್ಷ ಹೊಟ್ಟೆ ಉರಿದುಕೊಂಡಿದ್ದೆ. ಅವನ ಕೈಯೂ ಎದೆಯ ಮೇಲೆ ಅಡ್ಡ ಇತ್ತು. ನಾನು ನನ್ನ ಕೈ ಇಳಿಸಿದೆ. ಅವನು ನನ್ನ ಜೇಬು ನೋಡಿದ. ಒಂದಿಷ್ಟು ಹೊತ್ತಿಗೆ ಅವನೂ ಇಳಿಸಿದ.

ಸಂಜೆ ರೈಲು ಇಳಿದವನು ಮನೆಗೆ ಹೋಗದೆ ಸ್ಟೇಷನ್ ರಸ್ತೆಯಲ್ಲೇ ನಡೆದೆ. ಅದು ಗುರುವಾರ ಆಗಿರಲಿಲ್ಲ. ಆದರೂ ಬೆಂಚಿನ ಮೇಲೆ ಅಪ್ಪ ಇದ್ದ, ನನ್ನನ್ನೇ ಕಾಯುತ್ತಿದ್ದ. ಪದವಿ ಪತ್ರದ ಸುರುಳಿ ಅವನ ಕೈಗೆ ಕೊಟ್ಟೆ. ಅಪ್ಪ ಅದನ್ನು ಎರಡೂ ಅಂಗೈಗಳ ಮೇಲೆ ಇಟ್ಟುಕೊಂಡ, ಮಡಚಲಿಲ್ಲ, ಬಿಡಿಸಲಿಲ್ಲ. ಟೈಲರ್ ಒಳಗಿಂದ ಬಂದು ಮೊದಲು ಕೋಟಿನ ಹೆಗಲು ನೋಡಿ, ಬಿದ್ದಿರುವುದು ಸರಿಯಾಗಿದೆ ಎಂದು ಸಮಾಧಾನಪಟ್ಟುಕೊಂಡರು.

ನಾನು ಸಾಲಿನ ಕಥೆ ಹೇಳಿದೆ. ಹಿನ್ನೆಲೆ, ಕಾರಣ ಯಾವುದೂ ಇಲ್ಲ. ನಾನು ಹೇಗೆ ಕೈ ಅಡ್ಡ ಇಟ್ಟುಕೊಂಡಿದ್ದೆ, ಅವನು ಹೇಗೆ ಇಟ್ಟುಕೊಂಡಿದ್ದ, ನಾನು ಹೇಗೆ ಇಳಿಸಿದೆ ಎಂದು ನಿಂತು ಮಾಡಿ ತೋರಿಸಿದೆ.

"ಮಗುಚಿದ ಕೋಟಿನ ದೊರೆಗಳು ನಾಲ್ಕು ಜನ ಆದ್ವಿ ಕಣಪ್ಪಾ, ನಾನೂ ಸೇರಿ" ಅಂದೆ.

ಅಪ್ಪನ ತುಟಿ ಅಲುಗಿತು. ಆದರೆ ತಕ್ಷಣ ನಗಲಿಲ್ಲ. ತಿರುಗಿ ಟೈಲರ್ ಮುಖ ನೋಡಿದ. ಹೌದಾ, ಇದು ನಿಜವಾಗಿ ಹಾಗೇನಾ ಅನ್ನುವಂತೆ ನೋಡಿದ. ಟೈಲರ್ ತಲೆಯಾಡಿಸಿದರು. ಆಮೇಲೆ ಅಪ್ಪ ನಕ್ಕ. ಸುರುಳಿ ಕೈಯಲ್ಲಿದ್ದದ್ದರಿಂದ ಟವಲ್ಲು ಬಡಿಯಲು ಆಗಲಿಲ್ಲ.

ಮುಂದಿನ ಗುರುವಾರ ಪತ್ರಿಕೆ ಬಂದಾಗ ಅದನ್ನು ಬಿಡಿಸದೆ ಟೈಲರ್ ಕೈಗೆ ಕೊಟ್ಟವನು ನಾನೇ. ಹೂವಿನಾಕೆ ಬುಟ್ಟಿಯ ಸಮೇತ ವಾಪಸು ಬಂದಳು. ಮುಂಬಾಗಿಲಿನ ವಿಷಯದಲ್ಲಿ ಅವಳು ಹೇಳಿದ್ದೇ ಸರಿ ಎಂದು ಒಪ್ಪಿಕೊಳ್ಳುವ ಕಾಲವೂ ಬಹಳ ಬೇಗ ಬಂತು. ಗಡಿಯಲ್ಲಿ ಚೀನದ ಜೊತೆ ಯುದ್ಧವಾದ ಮೇಲೆ ಆ ಪತ್ರಿಕೆಯವರು ವಠಾರದ ಚಿತ್ರ ಹಾಕುವುದನ್ನೇ ನಿಲ್ಲಿಸಿದರು.

ಟೈಲರ್ ಹೋಗಿ ಬಹಳ ವರ್ಷವಾಯಿತು, ಅಪ್ಪನೂ ಹೋದ. ನಾನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದೆ. ಎಷ್ಟೋ ಜನ ನನ್ನ ಮಾತಿಗೆ ತಲೆಯಾಡಿಸಿದ್ದಾರೆ, ನಕ್ಕೂ ಇದ್ದಾರೆ. ಆದರೆ ನೆನಪಿಗೆ ಬರುವುದು ಆ ಒಂದು ನಗು, ಅದರ ಜೊತೆಗೇ ಅದಕ್ಕಿಂತ ಮುಂಚಿನ ಆ ಒಂದು ನೋಟ. ನನ್ನ ಪದವಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಅಪ್ಪ ಟೈಲರ್ ಕಡೆ ತಿರುಗಿದ್ದ.